ಬಳ್ಳಾರಿಯಲ್ಲಿ ಬಂಗಾರದ ಶೋರೂಮಿಗೆ ಜಾಗ ಹುಡುಕುವವರು ನಡೆದು ನೋಡಬೇಕಾದ ಎರಡು ದಾರಿ

ಮದುವೆ ಬಂಗಾರ ತರಲು ಸಿರುಗುಪ್ಪ ಕಡೆಯಿಂದ ಬಳ್ಳಾರಿಗೆ ಬರುವ ಕಾರಿನಲ್ಲಿ ಆರೇಳು ಜನ ಇದ್ದೇ ಇರುತ್ತಾರೆ. ಮದುಮಗಳು, ತಾಯಿ, ಸೋದರತ್ತೆ, ಮೊಣಕಾಲು ನೋವಿನ ಅಜ್ಜಿ, ಕರಗಿಸಲು ತಂದ ಹಳೇ ಒಡವೆಯ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡ ಒಬ್ಬರು. ಈ ಕಾರು ಎಲ್ಲಿ ನಿಲ್ಲುತ್ತದೆ, ಅಜ್ಜಿ ಎಷ್ಟು ಮೆಟ್ಟಿಲು ಹತ್ತಬೇಕು, ಆ ಗಂಟು ಎಷ್ಟು ಜನರ ನಡುವೆ ಹಾದು ಒಳಗೆ ಬರಬೇಕು, ಸಂಜೆ ಹೊಸ ಡಬ್ಬಿಗಳನ್ನು ಹಿಡಿದು ಬೀದಿಯಲ್ಲಿ ಎಷ್ಟು ಹೊತ್ತು ಕಾರಿಗೆ ಕಾಯಬೇಕು? ಕಟ್ಟಡದ ಮುಖ ಎಷ್ಟು ಚೆಂದವಿದ್ದರೂ ಈ ಪ್ರಶ್ನೆಗಳಿಗೆ ಉತ್ತರ ಸಿಗದಿದ್ದರೆ ಆ ಜಾಗ ದುಬಾರಿ ಒಡವೆಯ ವ್ಯಾಪಾರಕ್ಕೆ ಒಗ್ಗುವುದಿಲ್ಲ.

ಇದು ಗಿರಾಕಿಯ ದಾರಿ. ಬಂಗಾರಕ್ಕೂ ಒಂದು ದಾರಿಯಿದೆ. ಮಾಲು ತಂದ ಗಾಡಿಯಿಂದ ತಿಜೋರಿಗೆ, ಬೆಳಿಗ್ಗೆ ತಿಜೋರಿಯಿಂದ ಕೌಂಟರಿಗೆ, ರಾತ್ರಿ ಮತ್ತೆ ತಿಜೋರಿಗೆ. ಬಾಡಿಗೆಯ ಮಾತು ಎತ್ತುವ ಮೊದಲು ಈ ಎರಡೂ ದಾರಿಗಳನ್ನು ಕಾಲಲ್ಲಿ ನಡೆದು, ಟೇಪು ಹಿಡಿದು ಅಳೆದು ನೋಡಿ.

ಮೊದಲು ಬಾಡಿಗೆಯ ಮಿತಿ ಹಾಕಿಕೊಳ್ಳಿ

ಬಟ್ಟೆ ಅಂಗಡಿಯವರು ಬಾಡಿಗೆಯನ್ನು ಒಟ್ಟು ವ್ಯಾಪಾರದ ಶೇಕಡಾವಾರಿನಲ್ಲಿ ಅಳೆಯುತ್ತಾರೆ. ಬಂಗಾರದಲ್ಲಿ ಆ ಅಳತೆ ದಾರಿ ತಪ್ಪಿಸುತ್ತದೆ. ಬಿಲ್ಲಿನ ಬಹುಪಾಲು ಲೋಹದ ಬೆಲೆ, ಅದು ನಿಮ್ಮ ಕೈ ದಾಟಿ ಹೋಗುವ ಹಣ. ಉಳಿಯುವುದು ಮಜೂರಿ, ತೇಮಾನು (ವೇಸ್ಟೇಜ್), ಹರಳಿನ ಮೇಲಿನ ಲಾಭ. ಆದ್ದರಿಂದ ಬಾಡಿಗೆಯನ್ನು ಈ ಉಳಿಕೆಯ ಮೇಲೆ ಅಳೆಯಿರಿ.

ಒಂದು ಲೆಕ್ಕ ಹಾಕೋಣ. ತಿಂಗಳ ವ್ಯಾಪಾರ 1.5 ಕೋಟಿ, ಒಟ್ಟು ಉಳಿಕೆ ಶೇ 10 ಎಂದುಕೊಂಡರೆ ಕೈಗೆ ಸಿಗುವುದು 15 ಲಕ್ಷ. ಸಂಬಳ, ವಿಮೆ, ಕಾವಲು, ಕರೆಂಟು, ಮಾಲಿನ ಮೇಲಿನ ಬಡ್ಡಿ ಎಲ್ಲಾ ಇದರಲ್ಲೇ ಹೋಗಬೇಕು. ಬಾಡಿಗೆ ಇದರ ಆರನೇ ಒಂದು ಭಾಗ, ಅಂದರೆ 2.5 ಲಕ್ಷ ದಾಟಿದರೆ ಮಾಲು ಕೊಳ್ಳುವ ಕೈ ಕಟ್ಟಿಹಾಕಿದಂತೆ. ಶೋರೂಮಿನ ಮುಖಕ್ಕೆ ದುಡ್ಡು ಸುರಿದು ಟ್ರೇಗಳು ಖಾಲಿ ಉಳಿದರೆ, ಅವಲಕ್ಕಿ ಸರದಲ್ಲಿ ಹತ್ತು ನಮೂನೆ ಕೇಳುವ ಗಿರಾಕಿಗೆ ಮೂರು ತೋರಿಸಿ ಕಳಿಸಬೇಕಾಗುತ್ತದೆ. ಅವರು ಮತ್ತೆ ಬರುವುದಿಲ್ಲ.

ಇಲ್ಲೇ ಜಿಎಸ್‌ಟಿಯ ಒಂದು ತೊಡಕೂ ಇದೆ, ಬಹಳ ಜನ ತಡವಾಗಿ ನೋಡುತ್ತಾರೆ. ಬಂಗಾರದ ಮೇಲೆ ತೆರಿಗೆ ಶೇ 3, ವಾಣಿಜ್ಯ ಬಾಡಿಗೆಯ ಮೇಲೆ ಶೇ 18. ಮೇಲಿನ ಲೆಕ್ಕದಲ್ಲೇ 1.5 ಕೋಟಿ ಮಾರಾಟಕ್ಕೆ 4.5 ಲಕ್ಷ ತೆರಿಗೆ, 1.35 ಕೋಟಿ ಖರೀದಿಯಲ್ಲಿ ಆಗಲೇ ಕೊಟ್ಟ ತೆರಿಗೆಗೆ ಸಿಗುವ ಕ್ರೆಡಿಟ್ 4.05 ಲಕ್ಷ. ಕಟ್ಟಬೇಕಾದದ್ದು 45,000. ಎರಡೂವರೆ ಲಕ್ಷ ಬಾಡಿಗೆಯ ಶೇ 18 ಕೂಡ 45,000, ಅದಕ್ಕೂ ಕ್ರೆಡಿಟ್ ಸಿಗುತ್ತದೆ. ಅಲ್ಲಿಗೆ ಸರಿಹೋಯಿತು. ಬಾಡಿಗೆ ಇನ್ನೂ ಏರಿದರೆ ಕ್ರೆಡಿಟ್ ಖಾತೆಯಲ್ಲಿ ಸುಮ್ಮನೆ ಕೂಡುತ್ತಾ ಹೋಗುತ್ತದೆ, ನಗದಾಗಿ ವಾಪಸ್ ಬರುವುದಿಲ್ಲ. ಕಟ್ಟಡದ ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ 2024ರ ಅಕ್ಟೋಬರ್ 10ರಿಂದ ಆ ಶೇ 18ನ್ನು ಬಾಡಿಗೆದಾರರೇ ರಿವರ್ಸ್ ಚಾರ್ಜ್‌ನಲ್ಲಿ ನಗದಾಗಿ ಕಟ್ಟಿ, ಆಮೇಲೆ ಕ್ರೆಡಿಟ್ ತೆಗೆದುಕೊಳ್ಳಬೇಕು. ‘ನಮಗೆ ಜಿಎಸ್‌ಟಿ ಇಲ್ಲ, ಬಾಡಿಗೆ ಅಷ್ಟೇ’ ಎಂದು ಮಾಲೀಕರು ಹೇಳಿದಾಗ ಇದು ನೆನಪಿರಲಿ. ಜೊತೆಗೆ ತಿಂಗಳ ಬಾಡಿಗೆ 50,000 ದಾಟಿದರೆ ಶೇ 10 ಟಿಡಿಎಸ್ (ಮಾಲೀಕರ ಆದಾಯ ತೆರಿಗೆ) ಬಾಡಿಗೆಯಲ್ಲೇ ಹಿಡಿಯಬೇಕು. ಮಾತುಕತೆಯ ದಿನವೇ ಇದನ್ನು ಬಾಯಿಬಿಟ್ಟು ಹೇಳಿದರೆ ಮುಂದೆ ಜಗಳವಿರುವುದಿಲ್ಲ.

ಯಾವ ಬೀದಿ

ಬೆಂಗಳೂರು ರೋಡ್, ಬ್ರೂಸ್‌ಪೇಟೆ, ಕಾರ್ ಸ್ಟ್ರೀಟ್ ಸುತ್ತಮುತ್ತ ಹಳೇ ಪೇಟೆಯ ಸೆಳೆತ ಇಂದಿಗೂ ಇದೆ. ಬಂಗಾರ ಅಂದರೆ ಕಾಲು ತಾನಾಗಿ ಅತ್ತ ಹೋಗುತ್ತದೆ. ತೊಂದರೆ ಇರುವುದು ಕಾರಿಗೆ. ನಿಲ್ಲಿಸಲು ಜಾಗವಿಲ್ಲದ ಬೀದಿಯಲ್ಲಿ ಗಿರಾಕಿ ದೂರ ಇಳಿದು ಗಂಟು ಹಿಡಿದು ನಡೆಯಬೇಕು. ನಾಲ್ಕು ಗ್ರಾಮಿನ ಓಲೆಗೆ ಅದು ನಡೆದೀತು, ವಜ್ರದ ಹಾರಕ್ಕೆ ನಡೆಯುವುದಿಲ್ಲ. ಪಾರ್ವತಿನಗರ, ಗಾಂಧಿನಗರದ ಕಡೆ ಹೋದರೆ ಕಾರು ನಿಲ್ಲುತ್ತದೆ, ನಿವೇಶನಗಳು ಅಗಲ, ಆದರೆ ನಡೆದಾಡುವ ಜನ ಕಡಿಮೆ. ಗಿರಾಕಿ ನಿಮ್ಮ ಹೆಸರು ಕೇಳಿಕೊಂಡೇ ಬರಬೇಕು.

ನಮ್ಮ ಅಭಿಪ್ರಾಯ ಇಷ್ಟು. ಸರಾಸರಿ ಬಿಲ್ಲು ಚಿಕ್ಕದಿದ್ದು ದಿನವಿಡೀ ಜನ ಬೇಕಿದ್ದರೆ ಹಳೇ ಪೇಟೆ ಬಿಡಬೇಡಿ. ವಜ್ರ, ಕುಂದನ್, ಮದುವೆಯ ಪೂರ್ತಿ ಸೆಟ್ಟು ನಿಮ್ಮ ವ್ಯಾಪಾರವಾಗಿದ್ದರೆ ಕಾರು ನಿಲ್ಲುವ ರಸ್ತೆಗೇ ಹೋಗಿ. ಒಂದೇ ಷರತ್ತು, ಒಳ್ಳೆಯ ರೇಷ್ಮೆ ಸೀರೆ ಅಂಗಡಿಗಳಿಂದ ದೂರವಾಗಬೇಡಿ. ನಮ್ಮ ಕಡೆ ಮದುವೆ ಜವಳಿ, ಮದುವೆ ಬಂಗಾರ ಒಂದೇ ದಿನದ ಕೆಲಸ. ಸೀರೆಯ ಅಂಚಿನ ಬಣ್ಣ ನೋಡಿಕೊಂಡು ಹರಳಿನ ಬಣ್ಣ ಆರಿಸುವ ತಾಯಂದಿರಿಗೆ ಎರಡೂ ಐದು ನಿಮಿಷದ ದಾರಿಯಲ್ಲಿರಬೇಕು. ಪಕ್ಕದಲ್ಲಿ ಬ್ಯಾಂಕಿದ್ದರೆ ಲಾಭ, ಕ್ಯಾಮೆರಾ, ಕಾವಲು, ಹಣ ಕಟ್ಟುವ ಅನುಕೂಲ ಎಲ್ಲಾ ಸಿಗುತ್ತದೆ. ಮದ್ಯದಂಗಡಿ, ಬಸ್ ನಿಲ್ಲುವ ಜಾಗ ಪಕ್ಕದಲ್ಲಿದ್ದರೆ ಬೇಡ. ಬಾಗಿಲಲ್ಲಿ ಸುಮ್ಮನೆ ನಿಂತವರಲ್ಲಿ ಯಾರು ಬಸ್ಸಿಗೆ ಕಾಯುತ್ತಿದ್ದಾರೆ, ಯಾರು ನಿಮ್ಮ ಗಿರಾಕಿಯನ್ನು ಗಮನಿಸುತ್ತಿದ್ದಾರೆ ಎಂದು ಕಾವಲುಗಾರನಿಗೆ ತಿಳಿಯುವುದಿಲ್ಲ.

ಗಿರಾಕಿ ಯಾವ ದಿಕ್ಕಿನಿಂದ ಬರುತ್ತಾರೆ ಎಂಬುದನ್ನೂ ಗುರುತು ಮಾಡಿ. ಸಂಡೂರು, ತೋರಣಗಲ್ಲಿನವರು ಹೊಸಪೇಟೆ ರಸ್ತೆಯಿಂದ, ಗುಂತಕಲ್ಲು, ರಾಯದುರ್ಗದ ತೆಲುಗು ಕುಟುಂಬಗಳು ಆಂಧ್ರದ ಕಡೆಯಿಂದ, ನೀರಾವರಿ ಪ್ರದೇಶದ ಭತ್ತದ ರೈತರು ಸಿರುಗುಪ್ಪ, ಕಂಪ್ಲಿ ಕಡೆಯಿಂದ. ಯಾರ ದಾರಿಗಾದರೂ ರೈಲ್ವೆ ಗೇಟು ಅಡ್ಡ ಬರುತ್ತದೆಯೇ? ಸಂಜೆ 6ಕ್ಕೆ ಆ ದಾರಿಯಲ್ಲಿ ನೀವೇ ಕಾರು ಓಡಿಸಿಕೊಂಡು ಬನ್ನಿ.

ಜನ ಎಣಿಸುವಾಗ ತಲೆ ಎಣಿಸಿದರೆ ಸಾಲದು. ವಾರದ ದಿನ ಒಂದು, ಭಾನುವಾರ ಒಂದು, ಬೆಳಿಗ್ಗೆ 11ರಿಂದ 1, ಸಂಜೆ 5ರಿಂದ 8. ಮೂರು ಗೀಟು ಹಾಕಿ: ಸೀರೆ ಅಂಗಡಿಯ ಚೀಲ ಹಿಡಿದವರು, ಹೆಂಗಸರ ಗುಂಪು, ನಿಂತು ಜನರನ್ನು ಇಳಿಸಿದ ಕಾರು. ಬೇಸಿಗೆಯ ಮಧ್ಯಾಹ್ನ ಬಳ್ಳಾರಿಯ ಯಾವ ಬೀದಿಯೂ ಬಿಕೋ ಎನ್ನುತ್ತದೆ, ಅದನ್ನು ನೋಡಿ ಹೆದರಬೇಡಿ. ಆಷಾಢದಲ್ಲಿ ಎಣಿಸಿದ ಲೆಕ್ಕವನ್ನು ನಂಬಲೂ ಬೇಡಿ.

ಅಳತೆ

ಮಾಲೀಕರು ಹೇಳುವ ಚದರಡಿ ಹೆಚ್ಚಾಗಿ ಸೂಪರ್ ಬಿಲ್ಟ್-ಅಪ್. ಮೆಟ್ಟಿಲು, ಲಿಫ್ಟು, ಗೋಡೆಯ ದಪ್ಪ ಎಲ್ಲಾ ಅದರಲ್ಲಿ ಸೇರಿರುತ್ತದೆ. ಒಳಗೋಡೆಯಿಂದ ಒಳಗೋಡೆಗೆ ಟೇಪು ಹಿಡಿದ ಕಾರ್ಪೆಟ್ ಅಳತೆಗೆ ಮಾತ್ರ ಬಾಡಿಗೆ ಮಾತಾಡಿ.

ಜಿಲ್ಲಾ ಕೇಂದ್ರದ ದುಬಾರಿ ಶೋರೂಮಿಗೆ 1,800ರಿಂದ 2,500 ಚದರಡಿ ಕಾರ್ಪೆಟ್ ಸಾಕು. ಮುಂಭಾಗ 25 ಅಡಿಗೆ ಕಡಿಮೆ ಬೇಡ, ಎತ್ತರ ನೆಲದಿಂದ ಸ್ಲ್ಯಾಬಿಗೆ 11 ಅಡಿಯಾದರೂ ಬೇಕು. ಏಸಿ ಡಕ್ಟು, ಫಾಲ್ಸ್ ಸೀಲಿಂಗು ಸೇರಿ ಎರಡಡಿ ನುಂಗುತ್ತವೆ. ಒಳಗೆ 100–120 ಚದರಡಿಯ ಎರಡು ಖಾಸಗಿ ಕೋಣೆ, 100–150 ಚದರಡಿಯ ತಿಜೋರಿ ಕೋಣೆ, ಬಿಲ್ಲಿಂಗು, ಸಣ್ಣ ರಿಪೇರಿಗೆ ಅಕ್ಕಸಾಲಿಗರ ಮೇಜು. ಹೆಂಗಸರಿಗೆ ಸ್ವಚ್ಛ ಶೌಚಾಲಯ ಮರೆಯಬೇಡಿ. ಮದುವೆ ಬಂಗಾರ ಆರಿಸುವುದು ಮೂರು ತಾಸಿನ ಕೆಲಸ, ಮಧ್ಯದಲ್ಲಿ ಎದ್ದು ಹೋದ ಕುಟುಂಬ ಎದುರಿನ ಅಂಗಡಿಯಲ್ಲಿ ಕೂರುತ್ತದೆ.

ಖಾಸಗಿ ಕೋಣೆ ಬಾಗಿಲಿನಿಂದ ಕಾಣದ ಕಡೆ ಬರುವಂತಿರಲಿ. ಎಷ್ಟು ತೊಲ ಹಾಕಿಸಿದರು ಎಂಬುದು ಊರಿನ ಮಾತಾಗುವುದು ಯಾರಿಗೂ ಇಷ್ಟವಿಲ್ಲ. ನಿಜವಾದ ಐಷಾರಾಮ ಅಮೃತಶಿಲೆಗಿಂತ ಈ ಮರೆಯಲ್ಲಿದೆ ಎಂದು ನಾವು ನಂಬುತ್ತೇವೆ.

ಬಿಸಿಲು, ಧೂಳು, ಮೆಟ್ಟಿಲು

ಪಡುವಣಕ್ಕೆ ಮುಖ ಮಾಡಿದ ಗಾಜು ಬಳ್ಳಾರಿಯಲ್ಲಿ ಶಿಕ್ಷೆ. ಏಪ್ರಿಲ್ ಸಂಜೆ 4ಕ್ಕೆ ಬಿಸಿಲು ನೇರ ಕೌಂಟರಿಗೆ ಬೀಳುತ್ತದೆ, ಒಳಗಿನ ದೀಪದ ಬೆಲೆ ಹೋಗುತ್ತದೆ, ಏಸಿ ಸೋಲುತ್ತದೆ. ಮೂಡಣ ಅಥವಾ ಬಡಗಣ ಮುಖ ಸಿಕ್ಕರೆ ವಾಸ್ತು ಕೇಳುವವರಿಗೂ ಸಮಾಧಾನ, ಏಸಿಗೂ ಸಮಾಧಾನ. ಪಡುವಣವೇ ಗತಿಯಾದರೆ ಮುಂದೆ 5–6 ಅಡಿ ಛಾವಣಿ ಚಾಚಲು ಅವಕಾಶವಿದೆಯೇ ಎಂದು ಮೊದಲು ಕೇಳಿ.

ಕೆಂಪು ಧೂಳಿಗೆ ಎರಡು ಬಾಗಿಲು ಬೇಕು. ಹೊರಬಾಗಿಲು ಮುಚ್ಚಿದ ಮೇಲೆ ಒಳಬಾಗಿಲು ತೆರೆಯುವಂತೆ ನಡುವೆ 6–7 ಅಡಿ ಜಾಗ. ಇದೇ ಜಾಗ ಕಾವಲುಗಾರನಿಗೂ ಒಂದು ಕ್ಷಣದ ಬಿಡುವು ಕೊಡುತ್ತದೆ. ಮುಂಭಾಗದಲ್ಲಿ ಅಷ್ಟು ಆಳ ಬಿಟ್ಟುಕೊಡಲು ಆಗದ ಜಾಗವನ್ನು ಕೈಬಿಡಿ.

ರಸ್ತೆಗಿಂತ ಅಂಗಡಿಯ ನೆಲ ಎಷ್ಟು ಎತ್ತರ? ಅರ್ಧ ಅಡಿಯಿದ್ದರೆ ದೊಡ್ಡ ಮಳೆಯಲ್ಲಿ ಚರಂಡಿ ನೀರು ಒಳಗೆ. ಮೂರಡಿಯಿದ್ದರೆ ಅಜ್ಜಿಗೆ ಕಷ್ಟ. ಒಂದೂವರೆ ಅಡಿ ಸರಿಯಾದ ಮಧ್ಯ. ಇಳಿಜಾರು ಹಾಕುವುದಾದರೆ ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿ ಒಂದೂವರೆ ಅಡಿಗೆ 18 ಅಡಿ ಉದ್ದ ಬೇಕು. ಅಷ್ಟುದ್ದ ನಿಮ್ಮ ನಿವೇಶನದೊಳಗೆ ಬರುತ್ತದೆಯೇ ನೋಡಿ, ಚರಂಡಿಯ ಮೇಲೆ ಹಾಕಿದ್ದನ್ನು ಪಾಲಿಕೆ ಯಾವತ್ತಾದರೂ ಒಡೆಯುತ್ತದೆ. ಗೋಡೆಯ ಬುಡದಲ್ಲಿ ನೀರಿನ ಗೆರೆ ಕಂಡರೆ ಪಕ್ಕದ ಅಂಗಡಿಯವರನ್ನು ಕೇಳಿ, ಮಾಲೀಕರನ್ನಲ್ಲ.

ತಿಜೋರಿ ಎಲ್ಲಿ ಕೂರುತ್ತದೆ

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಇಲ್ಲಿ ಆದ ತಪ್ಪನ್ನು ಮತ್ತೆ ತಿದ್ದಲು ಬರುವುದಿಲ್ಲ.

ಒಂದು ಒಳ್ಳೆಯ ತಿಜೋರಿ ಖಾಲಿಯಿದ್ದಾಗಲೇ 1,500 ಕಿಲೋ ತೂಗಬಹುದು. ಅದರ ಪಾದ 1 ಮೀಟರ್ ಉದ್ದ, 0.8 ಮೀಟರ್ ಅಗಲ ಎಂದುಕೊಳ್ಳಿ. ಅಂದರೆ ಒಂದು ಚದರ ಮೀಟರಿಗೆ ಸುಮಾರು 1,875 ಕಿಲೋ ಭಾರ. ಭಾರತೀಯ ಮಾನಕ 875ರ ಪ್ರಕಾರ ಅಂಗಡಿಯ ಸ್ಲ್ಯಾಬನ್ನು ಲೆಕ್ಕ ಹಾಕುವುದು ಚದರ ಮೀಟರಿಗೆ ಸುಮಾರು 400 ಕಿಲೋಗೆ, ಮನೆಯ ಸ್ಲ್ಯಾಬನ್ನು 200 ಕಿಲೋಗೆ. ಮನೆಯಾಗಿ ಕಟ್ಟಿ ಆಮೇಲೆ ಅಂಗಡಿ ಮಾಡಿದ ಕಟ್ಟಡಗಳು ನಮ್ಮಲ್ಲಿ ಬಹಳ. ಆ ತಿಜೋರಿಯ ಭಾರವನ್ನು ಅಂಗಡಿಯ ಸ್ಲ್ಯಾಬಿನ ಮಿತಿಗೆ ಹರಡಬೇಕಾದರೂ ಸುಮಾರು 40 ಚದರಡಿ ಬೇಕು, ಅದರ ಮೇಲೆ ಬೇರೇನೂ ಇಡದೆ. ಹಾಗಾಗಿ ನೆಲಮಾಳಿಗೆ ಇಲ್ಲದ, ಮಣ್ಣಿನ ಮೇಲೇ ಕೂತ ನೆಲ ಅಂತಸ್ತು ಎಲ್ಲಕ್ಕಿಂತ ಒಳ್ಳೆಯದು. ಮೇಲಂತಸ್ತಿನಲ್ಲೇ ಇಡಬೇಕಾದರೆ ಸ್ಟ್ರಕ್ಚರಲ್ ಎಂಜಿನಿಯರ್ ತೊಲೆಗಳ ನಕ್ಷೆ ನೋಡಿ ಬರವಣಿಗೆಯಲ್ಲಿ ಒಪ್ಪಿಗೆ ಕೊಡಲಿ.

ತಿಜೋರಿ ಒಳಗೆ ಬರುವ ದಾರಿಯನ್ನೂ ಅಳೆಯಿರಿ. ಬಾಗಿಲು ನಾಲ್ಕಡಿ ತೆರವಿರಬೇಕು, ಹೊರಗೆ ಕ್ರೇನು ನಿಲ್ಲಬೇಕು. ಸಂದಿಯಲ್ಲಿ ಕ್ರೇನು ಬಾರದು. ಮುಂಭಾಗದ ಗಾಜು, ನೆಲದ ಟೈಲ್ಸು ಹಾಕಿದ ಮೇಲೆ ತಿಜೋರಿ ತರಿಸಿದರೆ ಎರಡೂ ಒಡೆಯುತ್ತವೆ, ಆದ್ದರಿಂದ ತಿಜೋರಿ ಮೊದಲು, ಸಿಂಗಾರ ಆಮೇಲೆ.

ಇನ್ನು ಗೋಡೆ. ಬಂಗಾರದಂಗಡಿಗೆ ಕನ್ನ ಬೀಳುವುದು ಮುಂಬಾಗಿಲಿನಿಂದ ಕಡಿಮೆ. ಪಕ್ಕದ ಖಾಲಿ ಮಳಿಗೆಯ ಗೋಡೆ, ಹಿಂದಿನ ಸಂದಿ, ಶೌಚಾಲಯದ ಗವಾಕ್ಷಿ, ತಾರಸಿಯ ಮೆಟ್ಟಿಲ ಕೋಣೆ, ಏಸಿ ಡಕ್ಟಿನ ಕಿಂಡಿ, ಇವು ದಾರಿಗಳು. ಎರಡು ಮಳಿಗೆಯ ನಡುವೆ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಇದ್ದರೆ ಅದು ಗೋಡೆಯೇ ಅಲ್ಲ. ತಿಜೋರಿ ಕೋಣೆಗೆ ಆರೂ ಕಡೆ, ಅಂದರೆ ನೆಲ ಮತ್ತು ಛಾವಣಿ ಸೇರಿ, ಕಬ್ಬಿಣ ಕಟ್ಟಿದ ಕಾಂಕ್ರೀಟು ಹಾಕಲು ಮಾಲೀಕರ ಲಿಖಿತ ಅನುಮತಿ ಬೇಕು. ಆ ಕೋಣೆ ಕಟ್ಟಡದ ಹೊರಗೋಡೆಗೆ ಅಂಟದಂತೆ ನಡುವಿಗೆ ಬಂದರೆ ಇನ್ನೂ ಕ್ಷೇಮ.

ಕರಾರಿಗೆ ಸಹಿ ಹಾಕುವ ಮೊದಲೇ ವಿಮಾ ಕಂಪನಿಯ ಸರ್ವೇಯರರನ್ನು ಕರೆಸಿ ಜಾಗ ತೋರಿಸಿ. ಬಂಗಾರದಂಗಡಿಗೆಂದೇ ಇರುವ ಜ್ಯುವೆಲರ್ಸ್ ಬ್ಲಾಕ್ ಪಾಲಿಸಿಯಲ್ಲಿ ಸಾಮಾನ್ಯವಾಗಿ ಇರುವ ಷರತ್ತು ಎಂದರೆ, ವ್ಯಾಪಾರ ಮುಗಿದ ಮೇಲೆ ಮಾಲು ಬೀಗ ಹಾಕಿದ ತಿಜೋರಿಯಲ್ಲಿರಬೇಕು. ರಾತ್ರಿ ಷೋಕೇಸಿನಲ್ಲಿ ಬಿಟ್ಟ ಒಡವೆ ಹೋದರೆ ಪರಿಹಾರವಿಲ್ಲ. ಅಂದರೆ ಪ್ರತಿದಿನ ಎರಡು ಬಾರಿ ಎಲ್ಲಾ ಟ್ರೇಗಳೂ ಓಡಾಡಬೇಕು. ತಿಜೋರಿ ಮಹಡಿಯಲ್ಲಿದ್ದರೆ ಸಿಬ್ಬಂದಿ ರಾತ್ರಿ 9ಕ್ಕೆ ದಣಿದ ಕಾಲಲ್ಲಿ ಟ್ರೇ ಹೊತ್ತು ಮೆಟ್ಟಿಲು ಹತ್ತುತ್ತಾರೆ, ಎಣಿಕೆ ತಪ್ಪುವುದು ಆಗಲೇ. ಕೌಂಟರಿನಿಂದ ತಿಜೋರಿಗೆ 20–25 ಅಡಿ ಸಮತಟ್ಟು ದಾರಿ, ಗಿರಾಕಿ ನಡೆಯುವ ಕಡೆ ಹಾಯದಂತೆ. ಮಾಲಿನ ಗಾಡಿಗೆ ಹಿಂಬದಿ ಅಥವಾ ಪಕ್ಕದಲ್ಲಿ ಬೇರೆ ಬಾಗಿಲು.

ತಕ್ಕಡಿಯ ಪರೀಕ್ಷೆ ಒಂದಿದೆ, ಖರ್ಚಿಲ್ಲದ್ದು. 1 ಮಿಲಿಗ್ರಾಂ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಖಾಲಿ ಅಂಗಡಿಯಲ್ಲಿ, ಲಾರಿ ಓಡಾಡುವ ಹೊತ್ತಲ್ಲಿ ಅರ್ಧ ತಾಸು ಇಟ್ಟು ಕೊನೆಯ ಅಂಕಿ ನೋಡಿ. ಅದು ನಿಲ್ಲದೆ ಒದ್ದಾಡುತ್ತಿದ್ದರೆ ರಸ್ತೆಯ ಅಥವಾ ರೈಲಿನ ಅದುರು ನೆಲಕ್ಕೆ ಬರುತ್ತಿದೆ. ಗಟ್ಟಿ ಗೋಡೆಗೆ ಕೂರಿಸಿದ ಗ್ರಾನೈಟ್ ಹಾಸಿನ ಮೇಲೆ, ಏಸಿ ಗಾಳಿ ತಾಗದ ಮೂಲೆಯಲ್ಲಿಟ್ಟು ಮತ್ತೆ ನೋಡಿ. ಆಗಲೂ ನಿಲ್ಲದಿದ್ದರೆ ಆ ಜಾಗ ಬಿಡಿ. ಗಿರಾಕಿಯ ಕಣ್ಣು ಅದೇ ಅಂಕಿಯ ಮೇಲಿರುತ್ತದೆ.

ಕರೆಂಟು

2,000 ಚದರಡಿಗೆ ಬಳ್ಳಾರಿಯ ಬೇಸಿಗೆಯಲ್ಲಿ 16 ಟನ್ ಏಸಿ ಹಿಡಿಯಿರಿ, ಸುಮಾರು 19 ಕಿಲೋವ್ಯಾಟ್. ಒಡವೆಯ ದೀಪಗಳಿಗೆ 7, ಕ್ಯಾಮೆರಾ, ಕಂಪ್ಯೂಟರು, ಬೋರ್ಡಿಗೆ 5. ಒಟ್ಟು 31, 40 ಕಿಲೋವ್ಯಾಟ್ ಮಂಜೂರಾತಿ ಇರಲಿ. ಹಳೇ ಮಳಿಗೆಯ ಮೀಟರು 5 ಕಿಲೋವ್ಯಾಟಿನದ್ದಾಗಿರಬಹುದು. ಲೋಡು ಏರಿಸಲು ವಿದ್ಯುತ್ ಕಂಪನಿ ಜೆಸ್ಕಾಂ ಟ್ರಾನ್ಸ್‌ಫಾರ್ಮರ್ ಕೇಳಿದರೆ ಅದನ್ನು ಎಲ್ಲಿ ಕೂರಿಸುವುದು, ಖರ್ಚು ಯಾರದ್ದು? 62.5 ಕೆವಿಎ ಜನರೇಟರಿಗೆ, ಏಸಿಯ ಹೊರ ಯಂತ್ರಗಳಿಗೆ ತಾರಸಿಯಲ್ಲೋ ಹಿತ್ತಲಲ್ಲೋ ಜಾಗ ಕರಾರಿನಲ್ಲೇ ಬರೆಸಿ. ಬಂಗಾರಕ್ಕೆ 3000 ಕೆಲ್ವಿನ್ ಬೆಚ್ಚನೆ ಬೆಳಕು, ವಜ್ರಕ್ಕೆ 4000ಕ್ಕಿಂತ ಮೇಲೆ.

ಕಾಗದ ಪತ್ರ

ಖಾತಾ ಯಾರ ಹೆಸರಲ್ಲಿದೆ, ಆಸ್ತಿ ತೆರಿಗೆ ಕಟ್ಟಿದೆಯೇ, ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಿಂದ ತೆಗೆದ ಋಣಭಾರ ಪತ್ರದಲ್ಲಿ ಅಡಮಾನ ಇದೆಯೇ ನೋಡಿ. ಅಡಮಾನವಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ ಬೇಕು. ಹಳೇ ಪೇಟೆಯ ಕಟ್ಟಡಗಳು ಬಹುಪಾಲು ಪಿತ್ರಾರ್ಜಿತ. ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿದರೆ ಸಾಲದು, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಅವರೂ ಸಹಿ ಹಾಕಲಿ. ಇಲ್ಲದಿದ್ದರೆ ನಿಮ್ಮ ಶೋರೂಮು ಅವರ ಮನೆಯ ದಾವೆಯೊಳಗೆ ಸಿಕ್ಕಿಕೊಳ್ಳುತ್ತದೆ. ರಸ್ತೆ ಅಗಲೀಕರಣದ ಗೆರೆ ಎಲ್ಲಿ ಹಾಯುತ್ತದೆ ಎಂದು ನಗರಾಭಿವೃದ್ಧಿ ಪ್ರಾಧಿಕಾರದ ಮಹಾಯೋಜನೆಯಲ್ಲಿ ನೋಡಿಸಿ. ಮುಂಭಾಗದ ಎಂಟಡಿ ಹೋದರೆ ನಿಮ್ಮ ಜೋಡಿಬಾಗಿಲೇ ಹೋಯಿತು.

ಬಾಗಿಲ ಸಂಖ್ಯೆಯ ಬಗ್ಗೆ ಒಂದು ಮಾತು. ಹಳೇ ನಂಬರು, ಹೊಸ ನಂಬರು ಎರಡೂ ಚಾಲ್ತಿಯಲ್ಲಿರುತ್ತವೆ. ಬಿಐಎಸ್ ಹಾಲ್‌ಮಾರ್ಕ್ ನೋಂದಣಿ ಪ್ರತಿ ಮಳಿಗೆಯ ವಿಳಾಸಕ್ಕೆ ಪ್ರತ್ಯೇಕ. ಕರಾರು, ಜಿಎಸ್‌ಟಿ, ಪಾಲಿಕೆಯ ಟ್ರೇಡ್ ಲೈಸೆನ್ಸು, ಬಿಐಎಸ್ ನಾಲ್ಕರಲ್ಲೂ ಅಕ್ಷರಶಃ ಒಂದೇ ವಿಳಾಸವಿರಲಿ. ನಾಮಫಲಕದ ಶೇ 60 ಭಾಗ ಕನ್ನಡದಲ್ಲಿ, ಮೇಲ್ಭಾಗದಲ್ಲಿ ಇರಬೇಕೆಂದು ರಾಜ್ಯದ ಕಾನೂನಿದೆ. ಬೇರೆ ಊರಿನಿಂದ ಬರುವ ಬ್ರ್ಯಾಂಡಿನ ಮುಖದ ವಿನ್ಯಾಸದಲ್ಲಿ ಇದಕ್ಕೆ ಮೊದಲೇ ಜಾಗ ಬಿಡಿಸಿ.

ಕರಾರು

ಹನ್ನೊಂದು ತಿಂಗಳ ಕರಾರು ಬಂಗಾರದಂಗಡಿಗೆ ಆಗುವುದಿಲ್ಲ. ಕಾಂಕ್ರೀಟಿನ ತಿಜೋರಿ ಕೋಣೆ ಕಟ್ಟಿದವರನ್ನು ಹನ್ನೆರಡನೇ ತಿಂಗಳು ಎಬ್ಬಿಸಿದರೆ ಗತಿಯೇನು? ಒಂಬತ್ತು ವರ್ಷ, ಮೂರು ವರ್ಷಕ್ಕೊಮ್ಮೆ ಶೇ 15 ಏರಿಕೆ, ಮೊದಲ ಮೂರು ವರ್ಷ ನಿಮಗೆ ಕಟ್ಟುಪಾಡು, ಒಂಬತ್ತೂ ವರ್ಷ ಮಾಲೀಕರಿಗೆ ಕಟ್ಟುಪಾಡು, ಇದನ್ನು ಕೇಳಿ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ನೋಂದಣಿಯ ಖರ್ಚು ಉಳಿಸಲು ಹೋದರೆ ಆ ಷರತ್ತುಗಳನ್ನು ನ್ಯಾಯಾಲಯದಲ್ಲಿ ತೋರಿಸಲು ಬರುವುದಿಲ್ಲ. ಹಳೇ ಬಾಡಿಗೆದಾರರಿಗೆ ಕೈಯಿಂದ ಕೈಗೆ ಪಗಡಿ (ಜಾಗ ಬಿಟ್ಟುಕೊಡಲು ಕೇಳುವ ಹಣ) ಕೊಡುವ ಜಾಗಗಳಿಂದ ದೂರವಿರಿ, ರಸೀದಿಯಿಲ್ಲದ ಆ ಹಣ ನಿಮ್ಮ ಲೆಕ್ಕದಲ್ಲೂ ಇಲ್ಲ, ವಾಪಸ್ಸೂ ಇಲ್ಲ.

ಪಕ್ಕದ ಮಳಿಗೆ ಇನ್ನೊಬ್ಬ ಬಂಗಾರದವರಿಗೆ ಕೊಡುವಂತಿಲ್ಲ ಎಂಬ ಷರತ್ತಿಗೆ ಹಟ ಹಿಡಿಯಬೇಡಿ. ನಾಲ್ಕು ಅಂಗಡಿ ಸುತ್ತಿ ನೋಡುವುದು ನಮ್ಮ ಜನರ ರೂಢಿ, ಸಾಲು ಅಂಗಡಿಗಳಿದ್ದರೆ ಎಲ್ಲರಿಗೂ ವ್ಯಾಪಾರ. ಅದರ ಬದಲು ಮೇಲಿನ, ಪಕ್ಕದ ಮಳಿಗೆಗಳಲ್ಲಿ ಗ್ಯಾಸು, ವೆಲ್ಡಿಂಗು ಕೆಲಸ ಬೇಡ ಎಂದು ಬರೆಸಿ, ಅದರ ಬೆಲೆ ಹೆಚ್ಚು.

ದಿನಗಳನ್ನು ಹಿಂದಿನಿಂದ ಎಣಿಸಿ. ಒಳಾಂಗಣ, ತಿಜೋರಿ, ಕರೆಂಟು ಸೇರಿ 100ರಿಂದ 120 ದಿನ ಹಿಡಿಯುತ್ತದೆ, ಅಷ್ಟು ದಿನಕ್ಕೆ ಬಾಡಿಗೆ ಮನ್ನಾ ಕೇಳುವುದು ನ್ಯಾಯವೇ. ಏಪ್ರಿಲ್–ಮೇನಲ್ಲಿ ಬರುವ ಅಕ್ಷಯ ತೃತೀಯಕ್ಕೆ ಬಾಗಿಲು ತೆರೆಯಬೇಕಾದರೆ ಡಿಸೆಂಬರಿನೊಳಗೆ ನೋಂದಣಿ ಆಗಿರಬೇಕು. ಅದು ತಪ್ಪಿದರೆ ಆಷಾಢದಲ್ಲಿ ತರಾತುರಿಯಿಂದ ತೆರೆಯಬೇಡಿ, ಶ್ರಾವಣದ ವರಮಹಾಲಕ್ಷ್ಮಿಗೆ ಇಟ್ಟುಕೊಳ್ಳಿ. ಅಧಿಕ ಮಾಸ ಬಂದ ವರ್ಷ ಮದುವೆಗಳ ತಿಂಗಳು ಸರಿಯುತ್ತದೆ, ಪಂಚಾಂಗ ನೋಡಿಯೇ ಬಾಡಿಗೆ ಶುರುವಾಗುವ ದಿನ ಬರೆಸಿ.

ಮುಂಗಡದ ಚೆಕ್ಕು ಕೊಡುವ ಹಿಂದಿನ ದಿನ ರಾತ್ರಿ 10ಕ್ಕೆ ಆ ಬೀದಿಗೆ ಇನ್ನೊಮ್ಮೆ ಹೋಗಿ. ಬೀದಿದೀಪ ಉರಿಯುತ್ತಿದೆಯೇ, ಹಿಂದಿನ ಸಂದಿಗೆ ಯಾರ ಕಣ್ಣಾದರೂ ಬೀಳುತ್ತದೆಯೇ, ಎದುರಿನ ಕ್ಯಾಮೆರಾ ನಿಮ್ಮ ಬಾಗಿಲನ್ನು ಹಿಡಿಯುತ್ತದೆಯೇ ನೋಡಿ, ಬಾಗಿಲ ಮುಂದೆ ಕಾರು ನಿಲ್ಲಿಸಿ ಇಳಿದು, ಕಾರಿನ ಬಾಗಿಲಿಂದ ಅಂಗಡಿಯ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಎಣಿಸಿ. ಹದಿನೈದು ದಾಟಿದರೆ ಮಾಲೀಕರೊಂದಿಗೆ ಪಾರ್ಕಿಂಗ್ ವಿಷಯ ಇನ್ನೊಮ್ಮೆ ಮಾತಾಡಿ, ಚೆಕ್ಕು ಆಮೇಲೆ ಕೊಡಿ.